ಫೈನಲ್ಲಿಗೆ ಮುಂಚೆ ಮೂರು ಲೋಟ ಪಾಯಸ

ನಾಗವೇಣಿ, ಹದಿನೆಂಟು ವರ್ಷದ ಹಿಂದೆ ಆ ಬಾಸ್ಕೆಟ್‌ಬಾಲ್ ಫೈನಲ್ಲಿನಲ್ಲಿ ನಿಮ್ಮ ತಂಡವನ್ನು ಸೋಲಿಸಿದ್ದು ನನ್ನ ಮಗಳು ಪಲ್ಲವಿಯಲ್ಲ. ನಾನು. ಬೇಕೆಂದೇ ಸೋಲಿಸಿದೆ. ನೀವೆಲ್ಲ ನಮ್ಮ ಮನೆಗೆ ಊಟಕ್ಕೆ ಬಂದಾಗ, ಮಧ್ಯಾಹ್ನ ಮೂರಕ್ಕೆ ನಿಮಗೆ ಆಟವಿದೆ ಎಂದು ಚೆನ್ನಾಗಿ ಗೊತ್ತಿದ್ದೂ, ನಿದ್ದೆ ಬರಲಿ ಎಂದು ಗಸಗಸೆ ಪಾಯಸ ಮಾಡಿ, ಒಬ್ಬೊಬ್ಬರಿಗೆ ಮೂರು ಲೋಟ ಕುಡಿಸಿದೆ.

ಬರೆದುಬಿಟ್ಟೆ. ಇಷ್ಟು ಬರೆಯಲು ಮೂರು ದಿನ ಹಿಡಿಯಿತು. ಮೊದಲನೆಯ ದಿನ ಮೇಲೆ ‘ಶ್ರೀ’ ಎಂದು ಹಾಕಿ ನಿಲ್ಲಿಸಿದೆ. ಎರಡನೆಯ ದಿನ ಪೆನ್ನು ಸಿಗಲಿಲ್ಲ. ಮೂರನೆಯ ದಿನ, ಅಂದರೆ ಇವತ್ತು, ಪೆನ್ನು ಸಿಕ್ಕಿತು, ಕುಕ್ಕರ್ ಕೂಗಿತು, ಹೂವಿನವಳು ಬಂದಳು, ನೀರು ಬಂತು. ಕೊನೆಗೆ ದೇವರಮನೆಯಲ್ಲೇ ಮಣೆ ಹಾಕಿಕೊಂಡು ಕೂತಿದ್ದೇನೆ. ಇಲ್ಲಿ ಕೂತರೆ ಸುಳ್ಳು ಬರೆಯುವುದು ಕಷ್ಟ. ಎದುರಿಗೇ ಇದ್ದಾರಲ್ಲ, ಎಲ್ಲರೂ.

ಈಗ ನೀನು ಶಾಲೆಯಲ್ಲಿ ಆಟ ಕಲಿಸುವ ಟೀಚರ್. ‘ನೀವು’ ಎನ್ನಬೇಕು. ಆದರೆ ನನ್ನ ಕಣ್ಣಿಗೆ ನೀನಿನ್ನೂ ಕೆಂಪು ಟೇಪು ಕಟ್ಟಿದ ಎರಡು ಜಡೆಯ, ಏಳನೇ ನಂಬರಿನ ಹುಡುಗಿ. ಅದಕ್ಕೆ ‘ನೀನು’ ಎಂದೇ ಬರೆಯುತ್ತೇನೆ. ಓದಿ ಮುಗಿಸಿದ ಮೇಲೆ ನೀನು ನನ್ನನ್ನು ಏನೆಂದು ಕರೆದರೂ ಸರಿ.

ಆ ವರ್ಷ ವಿಭಾಗ ಮಟ್ಟದ ಶಾಲಾ ಕ್ರೀಡಾಕೂಟ ನಮ್ಮ ಕಡೆಗೆ ಬಂದಿತ್ತು. ಓಟ, ಕೊಕ್ಕೊ, ಕಬಡ್ಡಿಯೆಲ್ಲ ಜ್ಞಾನಭಾರತಿಯ ಕಡೆ. ಬಾಸ್ಕೆಟ್‌ಬಾಲ್ ಮಾತ್ರ ವಿಜಯನಗರದಲ್ಲಿ, ಪಲ್ಲವಿಯ ಶಾಲೆಯ ಅಂಗಳದಲ್ಲಿ. ಹೊರಗಿನ ಊರುಗಳಿಂದ ಬಂದ ತಂಡಗಳಿಗೆ ಕ್ಲಾಸ್‌ರೂಮುಗಳಲ್ಲೇ ಬೆಂಚು ಸರಿಸಿ ಮಲಗುವ ಏರ್ಪಾಡು. ನೀವು ದಾವಣಗೆರೆ ಕಡೆಯಿಂದ ಬಂದಿದ್ದಿರಿ, ಏಳನೇ ‘ಬಿ’ಯಲ್ಲಿದ್ದಿರಿ. ಮೊದಲನೆಯ ದಿನ ಅಡಿಗೆಯವನು ಮಾಡಿದ ಉಪ್ಪಿಟ್ಟು ತಳ ಹಿಡಿದು, ಆ ಸೀದ ವಾಸನೆ ನಮ್ಮ ಬೀದಿಯವರೆಗೂ ಬಂದಿತ್ತು. ಶಾಲೆಯ ಹೆಡ್ ಮಿಸ್ಸು ತಾಯಂದಿರನ್ನೆಲ್ಲ ಕರೆದು, ‘ನಾಳೆ ಮಧ್ಯಾಹ್ನದ ಊಟಕ್ಕೆ ಒಂದೊಂದು ಮನೆಯವರು ಒಂದೊಂದು ತಂಡವನ್ನು ಕರ್ಕೊಂಡು ಹೋಗಿ, ಶಾಲೆ ಮರ್ಯಾದೆ ಉಳಿಸಿ’ ಎಂದು ಕೈ ಮುಗಿದರು. ಸ್ಟೀಲ್ ಡಬ್ಬದಲ್ಲಿ ಚೀಟಿ ಹಾಕಿ ಎತ್ತಿಸಿದರು. ನಾನು ಕಣ್ಣು ಮುಚ್ಚಿ, ರಾಮ ರಾಮ ಎಂದು ಎತ್ತಿದೆ. ನೀವು ಬಂದಿರಿ.

ಅಲ್ಲಿಯ ತನಕ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ನಂಬು. ಬಿಸಿಬೇಳೆಬಾತು, ಮೊಸರನ್ನ, ಒಂದು ಹಪ್ಪಳ ಎಂದು ಲೆಕ್ಕ ಹಾಕಿಕೊಂಡಿದ್ದೆ. ಅಷ್ಟೇ ಮಾಡಿದ್ದರೆ —

ಮಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನಿಮ್ಮ ಸೆಮಿಫೈನಲ್ ನೋಡಲು ಹೋದೆ. ನೋಡಬಾರದಿತ್ತು.

ನನಗೆ ಆ ಆಟದ ನಿಯಮ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಆದರೆ ಬುಟ್ಟಿಗೆ ಚೆಂಡು ಬಿದ್ದರೆ ಒಳ್ಳೆಯದು ಎನ್ನುವಷ್ಟು ಗೊತ್ತು. ನಿನ್ನ ಕೈಯಿಂದ ಹೊರಟ ಚೆಂಡೆಲ್ಲ ಬೀಳುತ್ತಿತ್ತು. ನೀನು ಇಲ್ಲಿದ್ದೀಯ ಎಂದು ನೋಡುವಷ್ಟರಲ್ಲಿ ಅಲ್ಲಿರುತ್ತಿದ್ದೆ. ಎದುರಿನ ತಂಡದ ಹುಡುಗಿಯರು ನಿನ್ನ ಹಿಂದೆ, ತಪ್ಪಿಸಿಕೊಂಡ ಕರುವಿನ ಹಿಂದೆ ಓಡುವ ಹಾಗೆ ಓಡುತ್ತಿದ್ದರು. ನನ್ನ ಪಕ್ಕ ಕೂತಿದ್ದ ಒಬ್ಬರು ತಾಯಿ, ‘ಅಯ್ಯೋ ಪಲ್ಲವಿ ಅಮ್ಮಾ, ಮಧ್ಯಾಹ್ನ ನಮ್ಮ ಮಕ್ಕಳ ಮೇಲೆ ಇವಳೇ ಅಲ್ವಾ ಬರೋದು? ದೇವರೇ ಗತಿ ಬಿಡಿ’ ಎಂದರು.

ದೇವರೇ ಗತಿ. ನಾನು ದೇವರಿಗೆ ಆಗಲೇ ಹೇಳಿಕೊಂಡಿದ್ದೆ. ಬೀದಿ ಕೊನೆಯ ಆಂಜನೇಯನಿಗೆ ನೂರೆಂಟು ಪ್ರದಕ್ಷಿಣೆ. ಆದರೆ ನಿನ್ನನ್ನು ನೋಡಿದ ಮೇಲೆ ನೂರೆಂಟು ಸಾಲದು ಎನ್ನಿಸಿತು.

ಪಲ್ಲವಿಯ ವಿಷಯ ಹೇಳಬೇಕು. ಹೇಳಿದರೆ ನೆಪ ಹೇಳಿದಂತಾಗುತ್ತದೆ. ಹೇಳದಿದ್ದರೆ ನಿನಗೆ ಅರ್ಥವಾಗುವುದಿಲ್ಲ. ಅದಕ್ಕಿಂತ ಹಿಂದಿನ ಎರಡು ವರ್ಷ ಅವಳು ತಂಡದಲ್ಲಿದ್ದಳು — ನೀರಿನ ಬಾಟಲಿ ಹಿಡಿದುಕೊಂಡು. ನಾನು ಒಂದು ಆಟವನ್ನೂ ಬಿಡದೆ ಹೋಗಿ, ನನ್ನ ಮಗಳು ಬಾಟಲಿ ಹಿಡಿದುಕೊಂಡಿರುವುದನ್ನು ನೋಡಿ ಬರುತ್ತಿದ್ದೆ. ಚೆನ್ನಾಗಿಯೇ ಹಿಡಿಯುತ್ತಿದ್ದಳು, ಒಂದು ದಿನವೂ ಬೀಳಿಸಲಿಲ್ಲ. ಆ ವರ್ಷ ಮೊದಲ ಬಾರಿಗೆ ಆಡಲು ಇಳಿಯುವ ಐದು ಜನರಲ್ಲಿ ಒಬ್ಬಳಾಗಿದ್ದಳು. ನೀವು ಫೈನಲ್ಲಿಗೆ ಬಂದರೆ ಅವಳಿಗೆ ಒಪ್ಪಿಸಿದ್ದ ಕೆಲಸ ಒಂದೇ: ಏಳನೇ ನಂಬರನ್ನು ತಡೆಯುವುದು. ಬೆಳಿಗ್ಗೆ ತಿಂಡಿ ತಿನ್ನದೆ, ‘ಅಮ್ಮಾ, ಅವಳನ್ನ ಹಿಡಿಯೋಕ್ಕಾಗಲ್ಲಮ್ಮಾ’ ಎಂದು ಕಣ್ಣು ತುಂಬಿಕೊಂಡಿದ್ದಳು.

ಸೆಮಿಫೈನಲ್ ಮುಗಿದಾಗ ಹತ್ತೂವರೆ. ಮನೆಗೆ ನಡೆದು ಬರುವಾಗ, ದಾರಿಯ ಕಿರಾಣಿ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಿತು. ಇಲ್ಲ — ತಾನಾಗಿ ಅಲ್ಲ. ನಾನೇ ನಿಲ್ಲಿಸಿದೆ.

‘ಗಸಗಸೆ ಕಾಲು ಕೆ.ಜಿ. ಕೊಡಿ’ ಎಂದೆ.

‘ಕಾಲು ಕೆ.ಜಿ.ನಾ? ಏನಮ್ಮಾ, ನಾಮಕರಣನಾ?’ ಎಂದ ಅಂಗಡಿಯವನು.

‘ಅತಿಥಿಗಳು ಬರ್ತಾರೆ’ ಎಂದೆ. ಅದು ಸುಳ್ಳಲ್ಲ. ಆ ದಿನ ನಾನು ಒಂದೇ ಒಂದು ಸುಳ್ಳನ್ನೂ ಆಡಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ನಮ್ಮ ಕಡೆ ಮದುವೆ ಮನೆಯಲ್ಲಿ ಗಸಗಸೆ ಪಾಯಸ ಕುಡಿದವರು ಊಟ ಮುಗಿದ ಮೇಲೆ ಏನಾಗುತ್ತಾರೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಗಂಡಿನ ಕಡೆಯವರು ಜಗಳ ತೆಗೆಯುವ ಹಾಗಿದ್ದರೆ ಹೆಣ್ಣಿನ ಕಡೆಯವರು ಗಸಗಸೆ ಪಾಯಸ ಮಾಡಿಸಬೇಕು ಎಂದು ನಮ್ಮ ಅತ್ತೆ ತಮಾಷೆ ಮಾಡುತ್ತಿದ್ದರು. ಅವರ ಲೆಕ್ಕ ತಲೆಗೊಂದು ಚಮಚ. ನೀವು ಹನ್ನೆರಡು ಹುಡುಗಿಯರು, ನಿಮಗೆ ಆಟ ಕಲಿಸುವ ಸಾರು ಒಬ್ಬರು, ಹದಿಮೂರು. ಹದಿಮೂರು ಚಮಚ ಹಾಕಿ ನಾನು ಉಳಿದದ್ದನ್ನು ಕಟ್ಟಿಡಬೇಕಿತ್ತು. ಪೊಟ್ಟಣವನ್ನೇ ಬಾಣಲೆಗೆ ಕೊಡವಿದೆ. ಹುರಿದು, ನೆನೆಸಿದ ಅಕ್ಕಿ, ಕಾಯಿತುರಿ, ಏಲಕ್ಕಿ ಸೇರಿಸಿ ಮಿಕ್ಸಿಗೆ ಹಾಕಿದೆ. ಮಿಕ್ಸಿ ನಿಲ್ಲದೆ ಕೂಗುವುದನ್ನು ಕೇಳಿ ಅತ್ತೆ ನಡುಮನೆಯಿಂದಲೇ, ‘ಏನೇ ಅದು, ಊರಿಗೆಲ್ಲಾ ಅರೀತಿದೀಯಾ?’ ಎಂದರು. ಎಂಬತ್ತು ದಾಟಿದ್ದರೂ ಅವರ ಕಿವಿಗೆ ಏನೂ ಆಗಿರಲಿಲ್ಲ.

ಬೆಲ್ಲ ಕರಗಿ, ಹಾಲು ಸೇರಿ, ಇಡೀ ಮನೆ ಘಮ್ಮೆಂದಿತು. ನನ್ನ ಕೈಯಲ್ಲಿ ಅಷ್ಟು ಒಳ್ಳೆಯ ಪಾಯಸ ಮತ್ತೆಂದೂ ಆಗಲಿಲ್ಲ. ಪಾಪದ ಕೆಲಸಕ್ಕೆ ಹದ ಹೇಗೆ ಕೂಡಿ ಬರುತ್ತದೆ ನೋಡು.

ಇನ್ನೊಂದು ವಿಷಯ — ಇದನ್ನು ನಮ್ಮ ಮನೆಯವರಿಗೂ ಇಲ್ಲಿಯ ತನಕ ಹೇಳಿಲ್ಲ. ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ದೇವರಿಗೆ ನೈವೇದ್ಯ ಮಾಡದೆ ಪಾಯಸ ಬಡಿಸಿದ್ದು ಅದೊಂದೇ ದಿನ. ಬಟ್ಟಲಿಗೆ ಹಾಕಿಕೊಂಡು ದೇವರಮನೆಯ ಹೊಸ್ತಿಲವರೆಗೆ ಹೋಗಿದ್ದೆ. ಅಲ್ಲಿ ನಿಂತು ಯೋಚನೆ ಬಂತು: ಇದನ್ನು ಕುಡಿದು ಆಂಜನೇಯನೂ ಮಲಗಿಬಿಟ್ಟರೆ ಮೂರು ಗಂಟೆಗೆ ಪಲ್ಲವಿಯ ಕಡೆ ಯಾರಿರುತ್ತಾರೆ? ಬಟ್ಟಲನ್ನು ವಾಪಸ್ಸು ತಂದು ಪಾತ್ರೆಗೆ ಸುರಿದೆ. ದೇವರಿಗೆ ಎರಡು ಬಾಳೆಹಣ್ಣು ಇಟ್ಟೆ. ನಗು ಬಂದರೆ ನಗು. ನನಗೂ ಈಗ ಬರುತ್ತದೆ, ಆಮೇಲೆ ಸ್ವಲ್ಪ ಹೊತ್ತಿಗೆ ಬೇರೆ ಏನೋ ಬರುತ್ತದೆ.

ನೀವು ಬಂದಿರಿ. ಚಪ್ಪಲಿಯನ್ನು ಸಾಲಾಗಿ ಬಿಟ್ಟಿರಿ, ಒಬ್ಬೊಬ್ಬರೇ ಕೈಕಾಲು ತೊಳೆದಿರಿ, ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಿರಿ. ನಡುಮನೆಯಲ್ಲಿ ಎರಡು ಸಾಲು ಚಾಪೆ, ಬಾಳೆಎಲೆ. ಆ ಬಿಸಿಬೇಳೆಬಾತಿಗೆ ನಾನು ಹಾಕಿದ ತುಪ್ಪ — ಅದನ್ನೂ ಸೇರಿಸಿಕೋ, ಬಿಡಬೇಡ. ನಿಮ್ಮ ಸಾರು ಗೋಡೆಗೆ ಒರಗಿ ಕೂತು, ಪ್ರತಿ ತುತ್ತಿಗೂ ‘ಆಹಾ’ ಎನ್ನುತ್ತಿದ್ದರು.

ಮೊದಲ ಲೋಟ ಎಲ್ಲರೂ ಸಂತೋಷವಾಗಿ ಕುಡಿದಿರಿ. ಎರಡನೆಯದಕ್ಕೆ ಬಂದಾಗ ನೀನು ಲೋಟದ ಮೇಲೆ ಅಂಗೈ ಮುಚ್ಚಿದೆ.

‘ಸಾಕ್ರೀ ಅಮ್ಮಾರೆ. ಮಧ್ಯಾಹ್ನ ಮ್ಯಾಚ್ ಐತ್ರಿ.’

ನಿನಗೆ ಗೊತ್ತಿತ್ತು. ಹದಿನಾರು ವರ್ಷದ ಮಗು, ನಿನಗೆ ಬುದ್ಧಿಯಿತ್ತು. ಆದರೆ ಬಡಿಸುವುದರಲ್ಲಿ ನನ್ನ ಎದುರು ನಿಂತವರು ಇಲ್ಲ, ನಾಗವೇಣಿ. ಎಲೆಗೆ ಅಡ್ಡ ಹಿಡಿದ ಕೈಯ ಬೆರಳ ಸಂದಿಯಲ್ಲಿ ಸಾರು ಬಡಿಸಿದವಳು ನಾನು. ಬೀಗರ ಊಟದಲ್ಲಿ ‘ಬೇಡ’ ಎಂದವರ ಎಲೆಯಲ್ಲಿ ನಾಲ್ಕು ಒಬ್ಬಟ್ಟು ಬೀಳಿಸಿದವಳು.

‘ಬೇಡ ಅನ್ಬಾರ್ದು ಕಣೇ. ನಮ್ಮ ಅತ್ತೆಯವರಿಗೆ ಬೇಜಾರಾಗತ್ತೆ’ ಎಂದೆ.

ನೀನು ಅತ್ತೆಯ ಕಡೆ ನೋಡಿದೆ. ಅವರು ತಮ್ಮ ಲೋಟ ಮುಗಿಸಿ ಆಗಲೇ ಅರ್ಧ ಕಣ್ಣು ಮುಚ್ಚಿದ್ದರು. ಬೇಜಾರಿನ ಸುಳಿವೂ ಇರಲಿಲ್ಲ. ಆದರೂ ನೀನು ಕೈ ತೆಗೆದೆ. ಹಿರಿಯರ ಮನಸ್ಸು ನೋಯಬಾರದು ಎಂದು ತೆಗೆದೆ. ಆ ಮೇಲೆ ಮೂರನೆಯದು — ‘ಎರಡಕ್ಕೆ ನಿಲ್ಲಿಸಬಾರದು, ಮೂರಾಗಲಿ’ ಎಂದು ಇಲ್ಲದ ಶಾಸ್ತ್ರವೊಂದನ್ನು ಅಲ್ಲೇ ಹುಟ್ಟಿಸಿ ಹಾಕಿದೆ. ಸುಳ್ಳಾಡಲಿಲ್ಲ ಎಂದು ಮೇಲೆ ಬರೆದೆನಲ್ಲ, ತಿದ್ದಿಕೋ. ಇವೆರಡು ಸುಳ್ಳು. ನಿನ್ನಲ್ಲಿದ್ದ ಒಳ್ಳೆಯ ನಡತೆಯನ್ನೇ ಹಿಡಿದು ನಿನ್ನನ್ನು ಕೆಡವಿದೆ. ನಡತೆ ಕೆಟ್ಟ ಹುಡುಗಿಯಾಗಿದ್ದರೆ ಒಂದೇ ಲೋಟಕ್ಕೆ ಎದ್ದು ಹೋಗಿ ಗೆದ್ದಿರುತ್ತಿದ್ದೆ.

ಹೊರಡುವಾಗ ನಿಮ್ಮ ಸಾರು ಗೇಟು ಎಂದುಕೊಂಡು ತುಳಸಿಕಟ್ಟೆಯ ಕಡೆ ನಡೆದರು. ನೀನು ಅವರ ತೋಳು ಹಿಡಿದು ತಿರುಗಿಸಿದೆ.

ಫೈನಲ್ ಹೇಗಾಯಿತು ಎಂದು ನಿನಗೆ ಗೊತ್ತು. ಆದರೆ ಹೊರಗೆ ನಿಂತು ನೋಡಿದವಳಿಗೆ ಹೇಗೆ ಕಂಡಿತು ಎಂದು ಹೇಳುತ್ತೇನೆ. ಮೊದಲ ಐದು ನಿಮಿಷ ನೀವು ಬೆಳಗಿನ ಹಾಗೆಯೇ ಆಡಿದಿರಿ. ನನಗೆ ಅನುಮಾನ: ಗಸಗಸೆ ಹಳೆಯದೇನೋ, ಅಂಗಡಿಯವನು ಮೋಸ ಮಾಡಿದನೇನೋ! ಆಮೇಲೆ ಒಂದೊಂದಾಗಿ ಶುರುವಾಯಿತು. ನಿಮ್ಮ ಕಡೆಯ ಆ ಎತ್ತರದ ಹುಡುಗಿ ಬುಟ್ಟಿಯ ಕಂಬಕ್ಕೆ ಒರಗಿದಳು. ಒರಗಿದವಳು ಅಲ್ಲೇ ಇದ್ದಳು. ಇನ್ನೊಬ್ಬಳು ಚೆಂಡನ್ನು ಬಹಳ ಮರ್ಯಾದೆಯಿಂದ ರೆಫರಿಯ ಕೈಗೆ ಕೊಟ್ಟಳು. ಬೆಂಚಿನ ಮೇಲಿದ್ದ ಏಳು ಜನರೂ ಒಬ್ಬರ ಭುಜಕ್ಕೊಬ್ಬರು ತಲೆಯಿಟ್ಟು, ಬಸ್ಸಿನ ಹಿಂದಿನ ಸೀಟಿನ ಹಾಗೆ ತೂಗುತ್ತಿದ್ದರು. ನಿಮ್ಮ ಸಾರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ತಂಡಕ್ಕೆ ಸುಧಾರಿಸಿಕೊಳ್ಳಲು ಟೈಮ್‌ಔಟ್ ಕೇಳಬೇಕಾದವರು ಅವರು, ಕೇಳುವವರಿಗೇ ಎಚ್ಚರವಿಲ್ಲ. ರೆಫರಿ ಬಂದು ಭುಜ ಅಲುಗಿಸಿದಾಗ ಅವರು ಕಣ್ಣು ಮುಚ್ಚಿಕೊಂಡೇ, ‘ಸಾಕ್ರೀ ಅಮ್ಮಾರೆ, ಇನ್ನ ಬ್ಯಾಡ್ರಿ, ಹೊಟ್ಟ್ಯಾಗ ಜಾಗ ಇಲ್ಲ’ ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಯಾರಿಗೆ ಹೇಳಿದರು ಎಂದು ಗೊತ್ತಿದ್ದವಳು ನಾನೊಬ್ಬಳೇ.

ನೀನು ಮಾತ್ರ ಓಡುತ್ತಿದ್ದೆ. ನಾಲ್ವರು ನಿಂತಿದ್ದರೂ ಓಡುತ್ತಿದ್ದೆ. ನಡುವೆ ಯಾರೂ ಅಡ್ಡ ಬರದೆ ಗೆರೆಯ ಮೇಲೆ ನಿಂತು ಎಸೆಯುವ ಎಸೆತ ಸಿಕ್ಕಿತು. ಚೆಂಡು ಎತ್ತಿದವಳು ಆಕಳಿಸಿದೆ — ದೊಡ್ಡದಾಗಿ, ಕಣ್ಣಲ್ಲಿ ನೀರು ಬರುವ ಹಾಗೆ. ಚೆಂಡು ಬುಟ್ಟಿಯನ್ನು ಮುಟ್ಟಲೇ ಇಲ್ಲ. ಮೂವತ್ತಾರು–ಇಪ್ಪತ್ತೊಂದು. ಪಲ್ಲವಿ ಓಡಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು.

ಇಷ್ಟೇ ಆಗಿದ್ದರೆ ಇದೊಂದು ತಾಯಿಯ ಹುಚ್ಚು, ನಾಲ್ಕು ಜನರ ಮುಂದೆ ಹೇಳಿ ನಗುವಂಥದು. ಆದರೆ ಆಟ ಮುಗಿಯುವ ಸ್ವಲ್ಪ ಮುಂಚೆ ನಾನು ಮಜ್ಜಿಗೆ ಜಗ್ಗು ಹಿಡಿದು ಮುಂದಿನ ಸಾಲಿಗೆ ಹೋಗಿದ್ದೆ. ಅಲ್ಲಿ ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸಲು ಬಂದಿದ್ದ ಇಬ್ಬರು ಕೂತಿದ್ದರು, ತೊಡೆಯ ಮೇಲೆ ಪಟ್ಟಿ ಇಟ್ಟುಕೊಂಡು. ಹಾಸ್ಟೆಲು ಎಂದರೆ ಊಟ, ಓದು, ದೊಡ್ಡ ತರಬೇತಿ ಎಲ್ಲ ಸರ್ಕಾರದ್ದೇ ಎಂದು ನನಗೆ ಗೊತ್ತಿತ್ತು.

‘ಈ ಏಳನೇ ನಂಬರ್ ಬೆಳಿಗ್ಗೆ ಏನ್ ಆಡಿದ್ಳು ಸಾರ್!’ ಎಂದರು ಒಬ್ಬರು.

‘ಬೆಳಿಗ್ಗೆ ಆಡಿದ್ರೆ ಬಂತೇನ್ರೀ? ಈಗ ನೋಡಿ, ಹೆಂಗೆ ಜೋತಾಡ್ತಿದಾಳೆ. ದಮ್ಮಿಲ್ಲ ಕಣ್ರೀ ಈ ಹುಡುಗಿಗೆ. ಗೀಟು ಎಳೀರಿ.’

ಅವರು ಗೀಟು ಎಳೆದರು. ಪೆನ್ನಿನ ಆ ಸದ್ದು ನನಗೆ ಕೇಳಿಸಿತು.

ನಾಗವೇಣಿ, ಪಾಯಸ ನನ್ನ ದೊಡ್ಡ ತಪ್ಪಲ್ಲ. ದೊಡ್ಡ ತಪ್ಪು ಇದು. ನಾನು ಜಗ್ಗು ಹಿಡಿದು ಅವರ ಮುಂದೆಯೇ ನಿಂತಿದ್ದೆ. ‘ಸಾರ್, ಈ ಮಗುವಿಗೆ ನಾನು ಊಟ ಜಾಸ್ತಿ ಹಾಕಿಬಿಟ್ಟಿದ್ದೀನಿ, ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡಿ’ — ಇಷ್ಟು ಸಾಕಿತ್ತು. ನಕ್ಕಿರುತ್ತಿದ್ದರು, ಬೈದಿರುತ್ತಿದ್ದರು, ಆದರೆ ನೋಡಿರುತ್ತಿದ್ದರು. ಬಾಯಿ ತೆರೆದೆ.

‘ಮಜ್ಜಿಗೆ ಇನ್ನೊಂದ್ ಸ್ವಲ್ಪ ಹಾಕಲಾ ಸಾರ್?’ ಎಂದೆ.

ಸಂಜೆ ಮುಕ್ತಾಯ ಸಮಾರಂಭದಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅತ್ಯುತ್ತಮ ಆತಿಥ್ಯ ಎಂದರು, ‘ವಿಜಯನಗರದ ಅನ್ನಪೂರ್ಣೆ’ ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ನೀವು ಹನ್ನೆರಡು ಜನ. ಅಷ್ಟು ಹೊತ್ತಿಗೆ ನಿಮಗೆ ಎಚ್ಚರವಾಗಿತ್ತು. ಆ ಶಾಲನ್ನು ನಾನು ಒಂದು ದಿನವೂ ಹೊದೆಯಲಿಲ್ಲ. ಅಂದಿನಿಂದ ಮಿಕ್ಸಿಯ ಮೇಲೆ ಮುಚ್ಚಿದ್ದೇನೆ. ಮೂರು ಮಿಕ್ಸಿ ಬದಲಾದವು, ಶಾಲು ಅದೇ.

ಮನೆಗೆ ಬಂದು ದೀಪ ಹಚ್ಚುವಾಗ ಅತ್ತೆ ಎದ್ದು ಕೂತರು. ಒಂದು ಲೋಟಕ್ಕೆ ಅಲ್ಲಿಯ ತನಕ ಮಲಗಿದ್ದರು.

‘ಗೆದ್ದರೇನೇ?’

‘ಗೆದ್ದರು ಅತ್ತೆ.’

‘ಗೆಲ್ಲದೆ ಇನ್ನೇನು’ ಎಂದರು. ಅಷ್ಟೇ. ನನ್ನನ್ನು ಒಂದು ಸಲ ನೋಡಿ, ಕೈಗೆ ಜಪಮಾಲೆ ತೆಗೆದುಕೊಂಡರು. ಸಾಯುವ ತನಕ ಮತ್ತೆ ಆ ಮಾತು ಎತ್ತಲಿಲ್ಲ. ಪಾಯಸ ಬೇಕು ಎಂದೂ ಕೇಳಲಿಲ್ಲ.

ಪಲ್ಲವಿಯ ತಂಡ ರಾಜ್ಯ ಮಟ್ಟಕ್ಕೆ ಹೋಗಿ ಮೊದಲ ಆಟದಲ್ಲೇ ಸೋತು ಬಂತು. ಎಷ್ಟಕ್ಕೆ ಎಂದು ಕೇಳಬೇಡ, ಅವಳು ಇವತ್ತಿಗೂ ಹೇಳುವುದಿಲ್ಲ. ಆ ವಿಭಾಗ ಮಟ್ಟದ ಪದಕವನ್ನು ದೇವರಮನೆಯ ಮೊಳೆಗೆ ಹಾಕಿದ್ದೇನೆ, ಈಗಲೂ ಕಾಣುತ್ತಿದೆ. ಆಂಜನೇಯನ ನೂರೆಂಟು ಪ್ರದಕ್ಷಿಣೆಯನ್ನೂ ಹಾಕಿದೆ. ಹಾಕುವಾಗ ಅವನು ನನ್ನ ಕಡೆ ನೋಡುತ್ತಿಲ್ಲ ಎನ್ನಿಸಿತು. ಎದುರು ಬಂದಾಗಲೆಲ್ಲ ನಾನೇ ತಲೆ ತಗ್ಗಿಸುತ್ತಿದ್ದೆನೋ ಏನೋ.

ಕೆಲವು ವರ್ಷ ಕಳೆದ ಮೇಲೆ ನಮ್ಮ ಪಕ್ಕದ ಮನೆಯವರು ಮಗಳನ್ನು ನೋಡಲು ದುಬೈಗೆ ಹೊರಟರು. ಅವರಿಗೆ ಯಾರೋ, ‘ಸಾಂಬಾರ ಪದಾರ್ಥದಲ್ಲಿ ಗಸಗಸೆ ಮಾತ್ರ ಇಟ್ಕೋಬೇಡಿ, ಅಲ್ಲಿ ಅದು ಅಮಲಿನ ಲೆಕ್ಕ, ಜೈಲಿಗೆ ಹಾಕ್ತಾರೆ’ ಎಂದಿದ್ದರು. ಅವರು ಕಾಂಪೌಂಡಿನ ಆಚೆಯಿಂದ ಅದನ್ನು ನನಗೆ ಹೇಳಿದಾಗ ಕೈಯಲ್ಲಿದ್ದ ಒಗೆದ ಬಟ್ಟೆ ಕೆಳಗೆ ಬಿತ್ತು. ಸಾಲದ್ದಕ್ಕೆ ಅದೇ ವಾರ ಟಿ.ವಿ.ಯಲ್ಲಿ, ಆಟಗಾರರಿಗೆ ಮದ್ದು ಪರೀಕ್ಷೆ ಮಾಡುತ್ತಾರೆ, ಗಸಗಸೆ ತಿಂದರೂ ಸಿಕ್ಕಿಬೀಳಬಹುದು ಎಂದರು. ಹದಿಮೂರು ಜನಕ್ಕೆ ಮೂರು ಮೂರು ಲೋಟ! ಒಂದು ವಾರ ಗೇಟಿನ ಸದ್ದಾದರೆ ಪೊಲೀಸರೇ ಎಂದು ದೇವರಮನೆಗೆ ಓಡುತ್ತಿದ್ದೆ. ಪುಣ್ಯಕ್ಕೆ ಬಂದವರೆಲ್ಲ ಗ್ಯಾಸಿನವರು, ಕೊರಿಯರಿನವರು.

ಪುಣ್ಯಗಳನ್ನು ಎಣಿಸುವುದು ನನಗೆ ಅಭ್ಯಾಸ. ಯಾರಿಗೂ ಹೊಟ್ಟೆ ಕೆಡಲಿಲ್ಲ, ಒಂದು ಪುಣ್ಯ. ಯಾರೂ ಬಿದ್ದು ಕಾಲು ಮುರಿದುಕೊಳ್ಳಲಿಲ್ಲ, ಎರಡು. ಹೀಗೇ ಎಣಿಸಿ ಎಣಿಸಿ ಹದಿನೆಂಟು ವರ್ಷ ಮಲಗಿದ್ದೇನೆ. ಗಸಗಸೆಗೆ ನಿಜವಾಗಿ ನಿದ್ದೆ ಬರಿಸುವ ಶಕ್ತಿ ಅಷ್ಟಿದೆಯೋ, ಅದು ಬರೀ ತುಪ್ಪ, ಬಿಸಿಲು, ಹೊಟ್ಟೆ ಭಾರವೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಇದೆ ಎಂದು ನಂಬಿ ಹಾಕಿದೆ. ಪಾಪ ಅಲ್ಲಿಗೇ ಪೂರ್ತಿಯಾಯಿತು.

ಮೊನ್ನೆ ಮಂಗಳವಾರ ನೀನು ಬಂದೆ. ಕ್ರೀಡಾಕೂಟ ಮತ್ತೆ ಇಲ್ಲೇ, ನಿನ್ನ ಶಾಲೆಯ ಹುಡುಗಿಯರನ್ನು ಕರೆತರುವ ಮುಂಚೆ ಟೀಚರುಗಳ ಸಭೆಗೆಂದು ಬಂದವಳು, ಮೆಟ್ರೋ ಇಳಿದು, ಬೀದಿ ಕೊನೆಯ ಆಂಜನೇಯನ ಗುರುತು ಹಿಡಿದು ಮನೆ ಹುಡುಕಿದೆ. ಚೀಲದ ತುಂಬ ಮಂಡಕ್ಕಿ. ‘ಅಮ್ಮಾರೆ, ಗುರುತು ಸಿಕ್ತೇನ್ರಿ?’ ಎಂದೆ. ಜಡೆಯಿರಲಿಲ್ಲ, ಕೆಂಪು ಟೇಪಿರಲಿಲ್ಲ. ಆದರೂ ಸಿಕ್ಕಿತು. ಇಷ್ಟು ವರ್ಷ ದಿನಾ ಮನಸ್ಸಿನಲ್ಲಿ ನೋಡಿದ ಮುಖವಲ್ಲವೇ.

ಕಾಫಿ ಕುಡಿಯುತ್ತಾ ನೀನು ನಗುನಗುತ್ತಲೇ ಹೇಳಿದೆ: ‘ಅವತ್ತು ಹಾಸ್ಟೆಲ್‌ನವ್ರು ನಂಗ ದಮ್ಮಿಲ್ಲ ಅಂದ್ರಂತ್ರಿ. ನಮ್ ಸಾರು ಹೇಳಿದ್ರು. ಖರೇನೇ ಅಮ್ಮಾರೆ, ಅರ್ಧ ಆಟಕ್ಕ ಕಾಲಾಗಿನ ಜೀವಾನೇ ಹೋಗಿತ್ತು. ಅವತ್ತಿಂದ ಒಂದು ದಿನಾನೂ ಬೆಳಗಿನ ಓಟ ಬಿಟ್ಟಿಲ್ಲ ನೋಡ್ರಿ. ನನ್ನ ಹುಡುಗೇರಿಗೂ ಅದನ್ನೇ ಹೇಳ್ತೀನಿ, ನಿಮ್ಮ ಟೀಚರ್‌ಗೆ ದಮ್ಮಿರ್ಲಿಲ್ಲ, ನೀವು ಹಂಗಾಗಬ್ಯಾಡ್ರಿ ಅಂತ.’

ನಾನು ನಿನ್ನ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿದೆ. ಎದ್ದು ಹೊರಡುವಾಗ ನನ್ನ ಕೈ ಹಿಡಿದುಕೊಂಡೆ.

‘ಶನಿವಾರ ಫೈನಲ್ ಐತ್ರಿ. ನಮ್ಮ ಹುಡುಗೇರು ಮುಟ್ಟೇ ಮುಟ್ತಾರ. ಆಟಕ್ಕ ಮೊದ್ಲು ಮಧ್ಯಾಹ್ನ ಕರ್ಕೊಂಡ್ ಬರ್ತೀನಿ. ಅವತ್ತಿನ ಪಾಯಸ ಮಾಡ್ತೀರೇನ್ರಿ ಅಮ್ಮಾರೆ? ನಮ್ಮ ಬಾಯಾಗ ಅದರ ರುಚಿ ಇನ್ನಾ ಐತಿ.’

‘ಮಾಡ್ತೀನಿ ಕಣಮ್ಮಾ’ ಎಂದುಬಿಟ್ಟೆ. ಬಂದವರಿಗೆ ಇಲ್ಲ ಎನ್ನಲು ನನಗೆ ಬರುವುದಿಲ್ಲ, ಅದೇ ಹಾಳು ಗುಣ.

ನೀನು ಹೋದ ಮೇಲೆ ನಮ್ಮ ಮನೆಯವರಿಗೆ ಎಲ್ಲವನ್ನೂ ಹೇಳಿದೆ, ಆ ನೈವೇದ್ಯದ ವಿಷಯ ಒಂದು ಬಿಟ್ಟು. ಪೇಪರು ಮಡಿಸಿ, ಕನ್ನಡಕ ತೆಗೆದು, ‘ಹೇಳಿದ್ರೆ ಶಾಲು ವಾಪಸ್ ಕೇಳ್ತಾರೆ ಕಣೇ’ ಎಂದರು. ಆಮೇಲೆ ಅವರೇ, ‘ಹೇಳು. ಹೇಳದೆ ಬಡಿಸ್ಬೇಡ’ ಎಂದರು.

ಪಲ್ಲವಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಈಗ ರಾಜರಾಜೇಶ್ವರಿನಗರದಲ್ಲಿದ್ದಾಳೆ, ಅವಳಿಗೂ ಮಗಳಿದ್ದಾಳೆ. ಬದುಕಿನಲ್ಲಿ ಅವಳಿಗೆ ಬಂದದ್ದು ಅದೊಂದೇ ಪದಕ. ಫೋನಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದೆ. ಅಳುತ್ತಾಳೆ ಎಂದುಕೊಂಡೆ.

‘ಅಮ್ಮಾ, ಅವಳು ನನ್ನ ಮುಖ ನೋಡ್ಕೊಂಡು ಆಕಳಿಸಿದ್ದು ಅದಕ್ಕಾ? ಹದಿನೆಂಟು ವರ್ಷದಿಂದ ನನ್ನ ಆಟ ಅಷ್ಟು ಬೋರು ಅಂದ್ಕೊಂಡಿದ್ನಲ್ಲಮ್ಮಾ!’ ಎಂದಳು. ನಕ್ಕಳು. ಆಮೇಲೆ ಅತ್ತಳು, ಸ್ವಲ್ಪ. ‘ನಾನು ಅವಳನ್ನ ಹಿಡಿದೆ ಅಂದ್ಕೊಂಡಿದ್ದೆ’ ಎಂದಳು. ಅವತ್ತು ನಿನ್ನ ಗೆಲುವನ್ನು ಕದ್ದಿದ್ದೆ, ಈಗ ಅವಳದನ್ನೂ ಕದ್ದೆ. ಶನಿವಾರ ಅವಳೂ ಬರುತ್ತಾಳಂತೆ. ‘ಮೆಡಲ್ ಸುಮ್ನೆ ಕೊಡಲ್ಲ ಅಂತ ಹೇಳು. ಖಾಲಿ ಹೊಟ್ಟೇಲಿ ಬಂದು ನನ್ನ ಜೊತೆ ಆಡಿ ತಗೊಳ್ಳಲಿ’ ಎಂದಿದ್ದಾಳೆ.

ನಾಳೆ ಶುಕ್ರವಾರ. ಬೆಳಿಗ್ಗೆ ಪೂಜೆ ಮುಗಿಸಿ ನಾನೇ ನಡೆದು ಬಂದು, ನೀವು ಉಳಿದುಕೊಂಡಿರುವ ಶಾಲೆಯಲ್ಲಿ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ಗೇಟಿನ ಹತ್ತಿರ ನಿಂತಿರುತ್ತೇನೆ. ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀಯ. ಲೋಟದ ಮೇಲಿನ ಕೈ ತೆಗೆದವಳು ನೀನು, ನನಗೆ ಗೊತ್ತು.

ಇಷ್ಟು ಓದಿಯೂ ನೀನು ಮಕ್ಕಳನ್ನು ಕರೆದುಕೊಂಡು ಬಂದರೆ, ಶನಿವಾರ ಮಧ್ಯಾಹ್ನ ಅನ್ನ, ತಿಳಿಸಾರು, ಮೊಸರು. ಸಾಕು ಎಂದವರಿಗೆ ಎರಡನೆಯ ಸಲ ಬಡಿಸುವುದಿಲ್ಲ — ನನ್ನ ಜನ್ಮದಲ್ಲಿ ಇದೇ ಮೊದಲು, ಕೈ ತಡೆಯಲು ದೇವರು ಶಕ್ತಿ ಕೊಡಲಿ. ಪಾಯಸ ಆಟ ಮುಗಿದ ಮೇಲೆ, ಗೆದ್ದವರಿಗೂ ಸೋತವರಿಗೂ. ತಲೆಗೊಂದು ಚಮಚ ಗಸಗಸೆ, ನೈವೇದ್ಯ ಮಾಡಿ.

ನಿನಗೆ ದಮ್ಮಿತ್ತು, ನಾಗವೇಣಿ. ಅವತ್ತು ಒಂದೇ ಲೋಟಕ್ಕೆ ನಮ್ಮ ಅತ್ತೆ ದೀಪ ಹಚ್ಚುವ ತನಕ ಏಳಲಿಲ್ಲ. ನಿಮ್ಮ ಸಾರು ಕುರ್ಚಿಯಲ್ಲೇ ಮಲಗಿದರು. ನಿನ್ನ ತಂಡದ ಹನ್ನೊಂದು ಹುಡುಗಿಯರು ಕಂಬಕ್ಕೂ ಬೆಂಚಿಗೂ ಒರಗಿದರು. ಮೂರು ಲೋಟ ಕುಡಿದು ಕೊನೆಯ ಸೀಟಿಯ ತನಕ ಓಡಿದವಳು ನೀನೊಬ್ಬಳೇ. ಈ ಮಾತನ್ನು ಅವತ್ತು ಮಜ್ಜಿಗೆ ಜಗ್ಗು ಕೆಳಗಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. ಶನಿವಾರ ನಿನ್ನ ಹುಡುಗಿಯರನ್ನು ಊಟಕ್ಕೆ ಕೂರಿಸಿ, ಎಲೆಗೆ ಅನ್ನ ಬಡಿಸುವುದಕ್ಕೆ ಮುಂಚೆ ಹೇಳುತ್ತೇನೆ.